ಕಿರುಬೆರಳು ಮಾತ್ರ ಬಚಾವ್

ಪ್ರೀತಿಯ ತಮ್ಮಾ,

ಕಥೆ ಓದಿದೆ. ಅದರ ವಿಚಾರ ಆಮೇಲೆ. ನನ್ನನ್ನು ಕಾಡಿದ್ದು ನಿನ್ನ ಕಾಗದದ ಕೊನೆಯ ಸಾಲು. ರಾತ್ರಿ ಕೈ ಜೋಮು ಹಿಡಿದು ಎಚ್ಚರವಾಗುತ್ತದೆ, ಕೊಡವಿದರೆ ಸರಿಹೋಗುತ್ತದೆ, ‘ಬರಹಗಾರನ ಕೈ ಅಲ್ವಾ’ ಅಂತ ಬರೆದಿದ್ದೀಯ. ಅದರಲ್ಲಿ ಸ್ವಲ್ಪ ಜಂಬವೂ ಕಂಡಿತು.

ಇವತ್ತು ರಾತ್ರಿ ಎಚ್ಚರವಾದಾಗ ಜೋಮು ಯಾವ್ಯಾವ ಬೆರಳಲ್ಲಿದೆ ನೋಡಿಕೋ. ಹೆಬ್ಬೆರಳು, ತೋರುಬೆರಳು, ನಡುಬೆರಳು, ಉಂಗುರ ಬೆರಳಲ್ಲಿ ಅರ್ಧ. ಕಿರುಬೆರಳು ಮಾತ್ರ ಆರಾಮ. ಹೀಗಿದ್ದರೆ ಕಾರ್ಪಲ್ ಟನಲ್ ಅನ್ನುವ ನರದ ತೊಂದರೆ ಇರಬಹುದು. ಮಣಿಕಟ್ಟಿನ ಮೂಳೆಗಳಿಗೂ ಮೇಲಿನ ಗಟ್ಟಿ ಪಟ್ಟಿಗೂ ನಡುವೆ ಒಂದು ಇಕ್ಕಟ್ಟಿನ ದಾರಿ. ಬೆರಳು ಮಡಚುವ ಸ್ನಾಯುಗಳ 9 ಹುರಿಗಳು ಅದರಲ್ಲೇ ನುಗ್ಗಬೇಕು, ಜೊತೆಗೆ ಜೋಮು ಹಿಡಿದ ಆ ಬೆರಳುಗಳಿಗೆ ಹೋಗುವ ಮೀಡಿಯನ್ ನರ. ಒಳಗೆ ಊದಿಕೊಂಡರೆ ನಲುಗುವುದು ನರ. ಕಿರುಬೆರಳಿನ ನರ ಬೇರೆ ದಾರಿ ಹಿಡಿಯುತ್ತದೆ, ಅದಕ್ಕೇ ಬಚಾವ್. ಮಣಿಕಟ್ಟು ಮಡಚಿಕೊಂಡು ಮಲಗುತ್ತೇವಲ್ಲ, ಹಾಗಾಗಿ ರಾತ್ರಿ ಜಾಸ್ತಿ.

ನಾನೂ ನಿನ್ನ ಹಾಗೇ ಕೊಡವಿಕೊಂಡು ಮೂರು ವರ್ಷ ತಳ್ಳಿದೆ. ಸೋಮವಾರಪೇಟೆಯ ಥಂಡಿ ಅಂದುಕೊಂಡೆ. ಆಮೇಲೆ ಹಗಲೂ ಜೋಮು. ಆ ವರ್ಷ ಕಾಫಿ ಕುಯ್ಲಿನಲ್ಲಿ ಹಣ್ಣು ಬೆರಳಿಗೆ ಸಿಕ್ಕಿತೋ ಇಲ್ಲವೋ ಕಣ್ಣಲ್ಲೇ ನೋಡಬೇಕಾಯಿತು. ಅಂಗಿ ಗುಂಡಿ ಹಾಕಿಕೊಳ್ಳಲು ಹೆಂಡತಿಯನ್ನು ಕರೆಯುವಂತಾಯಿತು. ಒಂದು ಬೆಳಿಗ್ಗೆ ಬೆಲ್ಲದ ಕಾಫಿ ಲೋಟ ಜಾರಿ ಬರೆದಿಟ್ಟ ಹಾಳೆಗಳ ಮೇಲೇ ಬಿತ್ತು. (ಕೆಟ್ಟ ಅಧ್ಯಾಯ, ಹೋಗಲಿ ಬಿಡು.)

ಕೊನೆಗೆ ನರದ ಪರೀಕ್ಷೆ, ಆಪರೇಷನ್. ಆ ಪಟ್ಟಿ ಕತ್ತರಿಸಿ ನರಕ್ಕೆ ಜಾಗ ಮಾಡಿಕೊಟ್ಟರು. ರಾತ್ರಿ ನಿದ್ದೆ ವಾಪಸ್ ಬಂತು. ಆದರೆ ಹೆಬ್ಬೆರಳ ಬುಡದ ಮಾಂಸ ಆಗಲೇ ಬತ್ತಿಹೋಗಿತ್ತು, ಮತ್ತೆ ತುಂಬಲಿಲ್ಲ. ಎಡಗೈಯಲ್ಲಿ ದಿಂಬಿನ ಹಾಗೆ ಉಬ್ಬಿದ ಜಾಗ ಬಲಗೈಯಲ್ಲಿ ಗುಳಿ. ಪೆನ್ನು ಹಿಡಿದರೆ ಅರ್ಧ ಪುಟ, ಅಷ್ಟೇ. ಇದನ್ನೂ ಮಗಳಿಗೆ ಹೇಳಿ ಬರೆಸುತ್ತಿದ್ದೇನೆ. ನಡುನಡುವೆ ನನ್ನ ವ್ಯಾಕರಣ ತಿದ್ದುತ್ತಾಳೆ.

ಎಲ್ಲಾ ಬರವಣಿಗೆಯಿಂದಲೇ ಅಂತಲೂ ತಿಳಿಯಬೇಡ. ನಾನು ದಿನಕ್ಕೆಷ್ಟು ಪುಟ ಬರೆಯುತ್ತೇನೆ ಅಂತ ಹೇಳಲು ಹೊರಟರೆ, ಡಾಕ್ಟರು ಕೇಳಿದ್ದು ತೋಟದಲ್ಲಿ ಕಳೆ ಹೊಡೆಯುವ ಮೆಷಿನ್ ಹಿಡಿಯುತ್ತೀರಾ ಅಂತ. ಆ ನಡುಕವೂ ಕೈಗೆ ಕೆಟ್ಟದ್ದಂತೆ. ಶುಗರ್, ಥೈರಾಯ್ಡ್ ಎರಡನ್ನೂ ಪರೀಕ್ಷೆ ಮಾಡಿಸಿದರು. ನನ್ನ ಶುಗರ್ ಸಿಕ್ಕಿಬಿದ್ದಿದ್ದೇ ಹಾಗೆ.

ನಿನಗಿನ್ನೂ ರಾತ್ರಿ ಮಾತ್ರ ತಾನೇ? ಈ ಹಂತದಲ್ಲಿ ಎಷ್ಟೋ ಜನರಿಗೆ ಮಲಗುವಾಗ ಮಣಿಕಟ್ಟು ನೇರ ಹಿಡಿಯುವ ಸ್ಪ್ಲಿಂಟ್‌ನಲ್ಲೇ ಆರಾಮ ಸಿಗುತ್ತದೆ. ಸುಮ್ನೆ ಎಣ್ಣೆ ತಿಕ್ಕುತ್ತಾ ಕೂರಬೇಡ. ಈ ವಾರ ಮಡಿಕೇರಿಗೆ ಹೋಗಿ ತೋರಿಸು, ಡಾಕ್ಟರು ಏನಂದರು ಅಂತ ಬರೆ. ಕಥೆಯ ಜಗಳ ಆಮೇಲೆ ಆಡೋಣ.

ನಿನ್ನ,
ಅಣ್ಣ