ನಮ್ಮ ಚಳಿಗೆ ನಮ್ಮದೇ ಒಲೆಯಿದೆ

ಮಾನ್ಯ ಸಂಪಾದಕರೇ,

ಚಳಿಗಾಲದಲ್ಲಿ ಮನೆಯೊಳಗೆ ಬೆಚ್ಚಗೆ ಕುಳಿತು ಒಲವನ್ನು ನೆನೆಯುವ ಸುಖದ ಬಗ್ಗೆ ತಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಬರಹವನ್ನು ಓದಿ ಸಂತೋಷಪಟ್ಟೆ. ಆದರೆ ಜೊತೆಗಿದ್ದ ಚಿತ್ರದಲ್ಲಿ ಕಿಟಕಿಯಾಚೆ ಹಿಮ ಬೀಳುತ್ತಿತ್ತು, ಗೋಡೆಯೊಳಗಿನ ಒಲೆಯಲ್ಲಿ ಬೆಂಕಿ ಉರಿಯುತ್ತಿತ್ತು, ಉಣ್ಣೆಯ ಕಾಲುಚೀಲ ತೊಟ್ಟ ದಂಪತಿ ಅದರ ಮುಂದೆ ಕಾಲು ಚಾಚಿ ಕುಳಿತಿದ್ದರು. ತೀರ್ಥಹಳ್ಳಿಯ ಕಡೆ ಅರವತ್ತೆಂಟು ಚಳಿಗಾಲಗಳನ್ನು ಕಂಡ ನನಗೆ ಬೇರೆ ಯಾರದೋ ಮನೆಯ ಆಲ್ಬಮ್ ತಿರುವಿದಂತಾಯಿತು.

ಆ ಚಿತ್ರದ ಚಳಿಯೇ ಬೇರೆ. ಡಿಸೆಂಬರ್ 21ರ ಸುಮಾರಿಗೆ ಲಂಡನ್ನಿನಲ್ಲಿ ಇರುಳು 16 ಗಂಟೆಗಳಷ್ಟು ಉದ್ದವಿರುತ್ತದೆ. ನಮ್ಮಲ್ಲಿ ಅದೇ ಇರುಳು ಹನ್ನೆರಡೂವರೆ ಗಂಟೆಗಿಂತ ತುಸು ಹೆಚ್ಚು, ಅಷ್ಟೆ. ಬೆಂಗಳೂರಿನ ದಾಖಲೆಯ ಚಳಿ ಎಂದರೂ 1884ರ ಜನವರಿ 13ರಂದು ಇಳಿದ 7.8 ಡಿಗ್ರಿ ಸೆಲ್ಸಿಯಸ್. ಮಲೆನಾಡಿನಲ್ಲಿ ಬೆಳಗಿನ ಜಾವ ಹಲ್ಲು ಕಟಕಟಿಸಿದರೂ ಹನ್ನೊಂದು ಗಂಟೆಯ ಹೊತ್ತಿಗೆ ಅಂಗಳದ ಬಿಸಿಲು ಬೆನ್ನು ಸುಡುತ್ತದೆ. ನಮ್ಮ ಚಳಿ ದಿನದ ಎರಡು ತುದಿಗಳಿಗೆ ಸೇರಿದ್ದು. ಅದರ ನಡುವೆ ಚಿಗುರಿದ ಒಲವೂ ಆ ಎರಡು ತುದಿಗಳಲ್ಲೇ ಜಾಗ ಮಾಡಿಕೊಂಡಿತ್ತು ಎಂದು ಹೇಳುವುದಕ್ಕೇ ಈ ಪತ್ರ.

ಬೆಳಗಿನ ತುದಿ ಬಚ್ಚಲೊಲೆಯದು. ಹದಿನಾಲ್ಕು ಜನರಿದ್ದ ನಮ್ಮ ಮನೆಯಲ್ಲಿ ಹೊಸ ಸೊಸೆಯಾಗಿ ಹಂಡೆಗೆ ನೀರು ತುಂಬಿ ಉರಿ ಹಾಕುವ ಕೆಲಸ ನನ್ನ ಪಾಲಿಗೆ ಬಂದಾಗ ಮನಸ್ಸಿನಲ್ಲೇ ಗೊಣಗಿಕೊಂಡಿದ್ದೆ. ಆಮೇಲೆ ತಿಳಿಯಿತು, ಮನೆಯಲ್ಲಿ ಗಂಡಹೆಂಡಿರು ಯಾರ ಕಿವಿಗೂ ಬೀಳದಂತೆ ನಾಲ್ಕು ಮಾತಾಡಬಹುದಾದ ಜಾಗ ಅದೊಂದೇ ಎಂದು. ನಮ್ಮವರು ಕಂಬಳಿ ಹೊದ್ದು ‘ನೀರು ಕಾಯಿತೇ’ ಎಂದು ಕೇಳುವ ನೆವದಲ್ಲಿ ಐದು ಗಂಟೆಗೇ ಎದ್ದು ಬರುತ್ತಿದ್ದರು. ಬೂದಿಯಲ್ಲಿ ಹುಗಿದಿಟ್ಟ ಗೆಣಸು ಬೇಯುವಷ್ಟು ಹೊತ್ತು, ಅತ್ತೆಯವರು ಏಳುವ ಸದ್ದು ಕೇಳುವ ತನಕ, ಸೌದೆಯ ಕುಂಟೆಯನ್ನು ಮುಂದಕ್ಕೆ ತಳ್ಳುತ್ತಾ ಕುಳಿತಿರುತ್ತಿದ್ದೆವು. ನೀರು ಕಾದು ಎಷ್ಟೋ ಹೊತ್ತಾಗಿರುತ್ತಿತ್ತು ಎಂಬುದು ಬೇರೆ ಮಾತು.

ಇರುಳಿನ ತುದಿ ಅಡಿಕೆ ಸುಲಿಯುವ ಚಪ್ಪರದ್ದು. ಕೊಯ್ಲಿನ ದಿನಗಳಲ್ಲಿ ಊಟ ಮುಗಿಸಿ ಹತ್ತಾರು ಜನ ಮೆಟ್ಟುಗತ್ತಿಯ ಮುಂದೆ ಸಾಲಾಗಿ ಕೂರುತ್ತಿದ್ದರು. ಒಂದು ಕಡೆ ದೊಡ್ಡ ಹಂಡೆಯಲ್ಲಿ ಅಡಿಕೆ ಬೇಯುತ್ತಿದ್ದರೆ ಚೊಗರಿನ ವಾಸನೆಯ ಬಿಸಿ ಹಬೆ ಚಪ್ಪರವನ್ನೆಲ್ಲ ತುಂಬುತ್ತಿತ್ತು. ಕೈ ಕೆಲಸದಲ್ಲಿದ್ದರೂ ಕಣ್ಣಿಗೆ ಬಿಡುವಿತ್ತಾದ್ದರಿಂದ ಊರಿನ ಎಷ್ಟೋ ಜೋಡಿಗಳ ಕಥೆ ಶುರುವಾದದ್ದು ಆ ಸಾಲುಗಳಲ್ಲೇ. ಯಾರು ಯಾರ ಎದುರಿಗೇ ದಿನವೂ ಕೂರುತ್ತಾರೆ ಎಂಬುದನ್ನು ಹಿರಿಯರು ಗಮನಿಸಿಯೂ ಗಮನಿಸದಂತೆ ಇರುತ್ತಿದ್ದರು. ಈಗ ಸುಲಿಯುವ ಯಂತ್ರ ಬಂದು ಬೆರಳುಗಳು ಉಳಿದುಕೊಂಡಿವೆ. ಅದರ ಬಗ್ಗೆ ನನಗೆ ದೂರಿಲ್ಲ.

ಈ ಎರಡರ ಜೊತೆಗೆ ಧನುರ್ಮಾಸದ ಕಾಯುವಿಕೆಯನ್ನೂ ಸೇರಿಸಬೇಕು. ಡಿಸೆಂಬರ್ ನಡುವಿನಿಂದ ಸಂಕ್ರಾಂತಿಯ ತನಕ ನಮ್ಮಲ್ಲಿ ಮದುವೆ ಮಾಡುವುದಿಲ್ಲ. 1978ರ ಕಾರ್ತಿಕದಲ್ಲಿ ನನ್ನ ಮದುವೆ ನಿಶ್ಚಯವಾಯಿತು. ಅಡಿಕೆ ಕೊಯ್ಲು ಮುಗಿಯದೆ ಯಾರಿಗೂ ಬಿಡುವಿರಲಿಲ್ಲ, ಅಷ್ಟರಲ್ಲಿ ಧನುರ್ಮಾಸ ಬಂತು, ಮುಹೂರ್ತ ಮಾಘಕ್ಕೆ ಹೋಯಿತು. ನಡುವಿನ ಚಳಿಯನ್ನು ನಾನು ಇನ್‌ಲ್ಯಾಂಡ್ ಪತ್ರಗಳ ಮೇಲೆ ಕಳೆದೆ. ಪತ್ರ ಬರುತ್ತಿದ್ದುದು ನನ್ನ ಅಪ್ಪಯ್ಯನ ಹೆಸರಿಗೆ. ಒಳಗೆಲ್ಲ ಕೊಯ್ಲು, ಧಾರಣೆ, ಕೊಟ್ಟಿಗೆಯ ಕ್ಷೇಮಸಮಾಚಾರ. ಅಂಟು ಹಚ್ಚುವ ಮಡಿಕೆಯ ಅಂಚಿನಲ್ಲಿ ಮಾತ್ರ ಸಣ್ಣ ಅಕ್ಷರದಲ್ಲಿ, ‘ಅಲ್ಲಿ ಇಬ್ಬನಿ ಜಾಸ್ತಿಯಂತೆ, ಕಿವಿಗೆ ಬಟ್ಟೆ ಕಟ್ಟಿಕೊಳ್ಳಲು ಹೇಳಿ’ ಎಂದಿರುತ್ತಿತ್ತು. ಯಾರಿಗೆ ಹೇಳಬೇಕು ಎಂದು ಬರೆದಿರಲಿಲ್ಲ. ಅಪ್ಪಯ್ಯ ಓದಿ ಮುಗಿಸಿ ಕಾಗದವನ್ನು ಬಚ್ಚಲೊಲೆಯ ಪಕ್ಕದ ಕಟ್ಟೆಯ ಮೇಲೆ ‘ಮರೆತು’ ಹೋಗುತ್ತಿದ್ದರು.

ಹಳೆಯದೆಲ್ಲ ಚೆಂದ ಎಂದು ನಾನು ಹೇಳುತ್ತಿಲ್ಲ. ಹೊಗೆಗೆ ನನ್ನ ಅತ್ತೆಯವರ ಕಣ್ಣು ಹಾಳಾದದ್ದನ್ನು ನೋಡಿದ್ದೇನೆ. ಆದರೆ ಪುರವಣಿಯ ಚಿತ್ರ ನೋಡಿ ಹೋಂಸ್ಟೇಗೆ ಬರುವ ಎಳೆಯ ದಂಪತಿಗಳು ಬಾಗಿಲು ಕಿಟಕಿ ಮುಚ್ಚಿದ ಕೋಣೆಯೊಳಗೆ ಕೆಂಡದ ಅಗ್ಗಿಷ್ಟಿಕೆ ಇಟ್ಟುಕೊಂಡು ಮಲಗಿದರೆ ಆಗಬಾರದ್ದು ಆದೀತು ಎಂಬ ಭಯ ನನಗಿದೆ. ಕೆಂಡದಿಂದ ಹೊರಡುವ ವಿಷಾನಿಲ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ನಿದ್ದೆಯಲ್ಲಿದ್ದವರಿಗೆ ಅದು ಗೊತ್ತೇ ಆಗುವುದಿಲ್ಲ. ನಮ್ಮ ಹಿರಿಯರು ಬಚ್ಚಲನ್ನು ಮನೆಯ ಹಿಂಬದಿಗೆ ಕಟ್ಟಿ, ಹೆಂಚಿನ ಸಂದಿಯಲ್ಲಿ ಹೊಗೆ ಹೋಗಲು ದಾರಿ ಬಿಟ್ಟು, ಮಲಗುವ ಕೋಣೆಗೆ ಬರೀ ಕಂಬಳಿಯನ್ನು ಕೊಟ್ಟಿದ್ದರು. ಇಂಥ ಬರಹಗಳ ಜೊತೆ ಈ ಒಂದು ಎಚ್ಚರಿಕೆಯನ್ನು ದಪ್ಪಕ್ಷರದಲ್ಲಿ ಹಾಕಬೇಕೆಂದು ಕೋರುತ್ತೇನೆ.

ಮುಂದಿನ ಚಳಿಗಾಲದ ಪುರವಣಿಗೆ ಚಿತ್ರ ಬೇಕಾದಲ್ಲಿ, ಸೋಲಾರ್ ಬಂದ ಮೇಲೂ ನಮ್ಮ ಬಚ್ಚಲೊಲೆ ಧನುರ್ಮಾಸದಲ್ಲಿ ಉರಿಯುತ್ತದೆ. ಈಗ ಉರಿ ಹಾಕುವವರು ನಮ್ಮವರು. ‘ನೀರು ಕಾಯಿತೇ’ ಎಂದು ಕೇಳುತ್ತಾ ಹೋಗುವವಳು ನಾನು. ಛಾಯಾಗ್ರಾಹಕರು ಬೆಳಿಗ್ಗೆ ಐದಕ್ಕೆ ಬರಬೇಕಾಗುತ್ತದೆ.

ಇತಿ,
ನಿವೃತ್ತ ಶಿಕ್ಷಕಿಯೊಬ್ಬರು,
ತೀರ್ಥಹಳ್ಳಿ ತಾಲ್ಲೂಕು