‘ಪುಟ್ಟ’ ಎಂದರೆ ಚಿಕ್ಕವನು ಎಂದಷ್ಟೇ ಅರ್ಥವಲ್ಲ

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ಓದುಗರ ವಿಭಾಗದಲ್ಲಿ ಕಳೆದ ವಾರ ಪ್ರಕಟವಾದ ಪತ್ರವೊಂದರಲ್ಲಿ, ನಿಧನ ವಾರ್ತೆಗಳಲ್ಲೂ ಲಗ್ನಪತ್ರಿಕೆಗಳಲ್ಲೂ ‘ಪುಟ್ಟ’, ‘ಪುಟ್ಟಿ’ ಮುಂತಾದ ಮನೆಯ ಹೆಸರುಗಳನ್ನು ಅಚ್ಚು ಹಾಕಿಸುವುದು ಸಭ್ಯತೆಯಲ್ಲವೆಂದೂ, ಪುಟ್ಟ ಎಂದರೆ ಚಿಕ್ಕವನು ಎಂದಷ್ಟೇ ಅರ್ಥವಾದ್ದರಿಂದ ಎಪ್ಪತ್ತು ದಾಟಿದವರನ್ನು ಹಾಗೆ ಕರೆಯುವುದು ಅಗೌರವವೆಂದೂ, ಇಂಥ ಹೆಸರುಗಳಿಂದಲೇ ದಾಖಲೆಗಳಲ್ಲಿ ಗೊಂದಲ ಉಂಟಾಗುತ್ತಿದೆಯೆಂದೂ ಬರೆಯಲಾಗಿದೆ. ನಾನು ಮೂಡಿಗೆರೆ ತಾಲ್ಲೂಕಿನ ಕಾಫಿ ತೋಟವೊಂದರಲ್ಲಿ ಮೂವತ್ತೊಂದು ವರ್ಷ ರೈಟರ್, ಎಂದರೆ ಆಳುಗಳ ಹಾಜರಿ, ಕೂಲಿಯ ಲೆಕ್ಕ ಬರೆಯುವ ಗುಮಾಸ್ತ, ಆಗಿದ್ದವನು. ಪ್ರತಿ ಬಟವಾಡೆಯ ದಿನ ಕನಿಷ್ಠ ನಾಲ್ವರು ಪುಟ್ಟರ ಹೆಸರು ಕೂಗಿದ್ದೇನೆ. ಆ ಪತ್ರದ ಒಂದು ಮಾತನ್ನು ಒಪ್ಪುತ್ತೇನೆ. ಅದು ಯಾವುದೆಂಬುದನ್ನು ಮುಂದೆ ಹೇಳುತ್ತೇನೆ. ಉಳಿದದ್ದನ್ನು ಒಪ್ಪಲಾರೆ.

ಮೊದಲು ಅರ್ಥದ ವಿಚಾರ. ಕನ್ನಡದಲ್ಲಿ ಚಿಕ್ಕ, ಸಣ್ಣ, ಪುಟ್ಟ ಎಂಬ ಮೂರು ಮಾತುಗಳೂ ನಿಘಂಟಿನಲ್ಲಿ ಒಂದರ ಪಕ್ಕ ಒಂದು ಕುಳಿತಿರಬಹುದು, ಆದರೆ ಬಾಯಲ್ಲಿ ಅವು ಒಂದರ ಜಾಗದಲ್ಲಿ ಒಂದು ಕೂರುವುದಿಲ್ಲ. ಚಿಕ್ಕ ಎಂಬುದು ಬಹಳ ಕಡೆ ಸರದಿಯನ್ನು ಹೇಳುವ ಮಾತು. ಚಿಕ್ಕಪ್ಪ ಆರಡಿ ಎತ್ತರವಿದ್ದರೂ ಚಿಕ್ಕಪ್ಪನೇ, ಏಕೆಂದರೆ ಅವನು ಅಪ್ಪನ ನಂತರ ಹುಟ್ಟಿದವನು. ನಮ್ಮ ಚಿಕ್ಕಮಗಳೂರನ್ನೇ ನೋಡಿ: ಸಖರಾಯಪಟ್ಟಣದ ರುಕ್ಮಾಂಗದನೆಂಬ ದೊರೆ ಕಿರಿಯ ಮಗಳಿಗೆ ಬಳುವಳಿಯಾಗಿ ಕೊಟ್ಟ ಊರು ಇದು, ಹಿರಿಯ ಮಗಳಿಗೆ ಕೊಟ್ಟದ್ದು ಪಕ್ಕದ ಹಿರೇಮಗಳೂರು ಎಂಬ ಐತಿಹ್ಯ ಇಲ್ಲಿ ಎಲ್ಲರಿಗೂ ಗೊತ್ತು. ಆ ದೊರೆಗೆ ಕಿರಿಮಗಳ ಮೇಲೆ ಪ್ರೀತಿ ಇದ್ದಿರಬಹುದು, ಆದರೆ ಊರಿನ ಹೆಸರಿನಲ್ಲಿರುವ ‘ಚಿಕ್ಕ’ ಆ ಪ್ರೀತಿಯನ್ನು ಹೇಳುವುದಿಲ್ಲ, ಯಾರ ನಂತರ ಯಾರು ಎಂಬುದನ್ನಷ್ಟೇ ಹೇಳುತ್ತದೆ. ಇನ್ನು ಸಣ್ಣ ಎಂಬುದು ಅಳತೆಯ ಮಾತು, ಕೆಲವೊಮ್ಮೆ ಅಳೆದು ಕಡಿಮೆ ಎನ್ನುವ ಮಾತು. ಸಣ್ಣ ಬುದ್ಧಿ ಎಂದರೆ ಬೈಗುಳ, ಸಣ್ಣತನ ಎಂದರೆ ದುರ್ಗುಣ. ಪುಟ್ಟತನ ಎಂಬ ಮಾತನ್ನು ಯಾರಾದರೂ ಬೈಗುಳವಾಗಿ ಬಳಸಿದ್ದನ್ನು ನಾನಂತೂ ಕೇಳಿಲ್ಲ. ಸಣ್ಣ ಮನೆ ಎಂದಾಗ ಜಾಗ ಸಾಲದು ಎಂಬ ಕೊರಗು ಇಣುಕುತ್ತದೆ. ಪುಟ್ಟ ಮನೆ ಎಂದಾಗ ಅದೇ ಎರಡು ಅಂಕಣದ ಮನೆಯಲ್ಲಿ ದೀಪ ಹೊತ್ತಿಸಿದಂತಾಗುತ್ತದೆ. ಎಂದರೆ ಪುಟ್ಟ ಎಂಬ ಮಾತು ತಾನು ತೋರಿಸುವ ವಸ್ತುವಿನ ಗಾತ್ರಕ್ಕಿಂತ, ಆಡುವವನಿಗೂ ಆ ವಸ್ತುವಿಗೂ ಇರುವ ನಂಟನ್ನೇ ಹೆಚ್ಚಾಗಿ ಹೇಳುತ್ತದೆ.

ಹಳಗನ್ನಡದ ಪಾಲು ಹಾಲಾಗಿ, ಪುಲಿ ಹುಲಿಯಾಗಿ, ಪೂ ಹೂವಾಗಿ ಪಕಾರಗಳು ಬಹುಮಟ್ಟಿಗೆ ಹಕಾರಗಳಾದಾಗ ಈ ಪುಟ್ಟ ತನ್ನ ಪಕಾರವನ್ನು ಬಿಟ್ಟುಕೊಡಲಿಲ್ಲ. ಅಪ್ಪ, ಅಮ್ಮ, ಪಾಪ ಎಂದು ತುಟಿ ಕೂಡಿಸಿ ಮಾತು ಕಲಿಯುವ ಮಕ್ಕಳ ಬಾಯಿಗೆ ಹತ್ತಿರವಿದ್ದುದರಿಂದ ಅದು ಉಳಿದುಕೊಂಡಿತೆಂದು ನಂಬುವುದು ನನಗೆ ಇಷ್ಟ. ಭಾಷಾಶಾಸ್ತ್ರಜ್ಞರು ನಕ್ಕರೆ ನಗಲಿ. ಅವರೂ ಒಪ್ಪಬಹುದಾದ ಇನ್ನೊಂದು ಸಂಗತಿಯೆಂದರೆ, ಈ ಹೆಸರಿನ ಮುಂದೆ ಬಂದಾಗ ನಮ್ಮ ಕ್ರಿಯಾಪದವೂ ಮೆತ್ತಗಾಗುತ್ತದೆ. ‘ಪುಟ್ಟ ಮಲಗಿದನಾ’ ಎಂದು ಕೇಳುವುದಕ್ಕಿಂತ ‘ಪುಟ್ಟ ಮಲಗಿತಾ’ ಎಂದು ಕೇಳುವ ತಾಯಂದಿರೇ ನಮ್ಮಲ್ಲಿ ಹೆಚ್ಚು. ಕನ್ನಡದಲ್ಲಿ ಮಗು, ಕೂಸು, ಶಿಶು ಎಂಬವು ನಪುಂಸಕಲಿಂಗವೆಂದು ಶಾಲೆಯಲ್ಲಿ ಕಲಿತಿದ್ದೇವಷ್ಟೆ. ಪುಟ್ಟ ಎಂದು ಕರೆಸಿಕೊಂಡವನು ಹುಡುಗನಾಗಿರಲಿ ಹುಡುಗಿಯಾಗಿರಲಿ, ಆ ಹೊತ್ತಿಗೆ ಅದೇ ಕೂಸುಗಳ ಸಾಲಿಗೆ ಸೇರುತ್ತದೆ. ಹೆಣ್ಣುಮಗುವನ್ನು ಪುಟ್ಟಿ ಎನ್ನುವವರಿರುವಂತೆ ಪುಟ್ಟಾ ಎಂದೇ ಕರೆಯುವವರೂ ನಮ್ಮ ಕಡೆ ಮನೆಮನೆಯಲ್ಲಿದ್ದಾರೆ. ನಲವತ್ತು ವರ್ಷದ ಮಗ ಬೆಂಗಳೂರಿನಿಂದ ಬಂದು ಜಗಲಿಯ ಮೇಲೆ ನಿದ್ದೆಹೋದರೂ ಒಳಗಿನಿಂದ ಅಜ್ಜಿ ‘ಪುಟ್ಟ ಊಟ ಮಾಡ್ತಾ’ ಎಂದೇ ಕೇಳುತ್ತಾಳೆ. ಅದರಲ್ಲಿ ಅಗೌರವ ಎಲ್ಲಿದೆ?

ಈ ಹೆಸರು ಇಷ್ಟು ಬೇರೂರಲು ಇನ್ನೊಂದು ಕಾರಣವಿದೆ. ಪತ್ರ ಬರೆದವರು ಬಹುಶಃ ಪೇಟೆಯ ಮನೆಯಲ್ಲಿ ಬೆಳೆದವರಾದ್ದರಿಂದ ಅದನ್ನು ಗಮನಿಸಿಲ್ಲ. ಮೊಮ್ಮಗನಿಗೆ ತಾತನ ಹೆಸರನ್ನೇ ಇಡುವುದು ನಮ್ಮಲ್ಲಿ ವಾಡಿಕೆ. ಸೊಸೆಯಾದವಳು ಮಾವನ ಹೆಸರು ಹೇಳಬಾರದೆಂಬುದೂ ಮೊನ್ನೆ ಮೊನ್ನೆಯವರೆಗೆ ಅಷ್ಟೇ ಗಟ್ಟಿಯಾಗಿದ್ದ ವಾಡಿಕೆ. ಈ ಎರಡೂ ಒಂದೇ ಅಡುಗೆಮನೆಯಲ್ಲಿ ಎದುರಾದರೆ ಏನಾಗುತ್ತದೆಂದು ಯೋಚಿಸಿ. ಹಾಲು ಚೆಲ್ಲಿದ ಮಗನನ್ನು ‘ಲೇ ತಿಮ್ಮ, ಕೈಕಾಲು ಸುಮ್ಮನಿರಲ್ವೇನೋ’ ಎಂದು ಗದರಿದರೆ ಹೊರಗೆ ಎಲೆಅಡಿಕೆ ಹಾಕಿಕೊಳ್ಳುತ್ತಿರುವ ತಿಮ್ಮೇಗೌಡರಿಗೆ ಅದು ಕೇಳಿಸುತ್ತದೆ, ಅತ್ತೆಯ ಮುಖ ಕೆಂಪಾಗುತ್ತದೆ. ಮಾವನ ಮರ್ಯಾದೆಯೂ ಉಳಿಯಬೇಕು, ಮಗನಿಗೆ ಬೈಯಲೂ ಬೇಕು. ಆಗ ಒದಗಿದ್ದು ಪುಟ್ಟ. ಇಟ್ಟ ಹೆಸರು ತಾತನದಾಗಿ ಪೆಟ್ಟಿಗೆಯಲ್ಲಿ ಭದ್ರವಾಗಿರುತ್ತಿತ್ತು. ಕರೆಯುವ ಹೆಸರು ದಿನಬಳಕೆಗೆ ಸವೆಯುತ್ತಿತ್ತು. ಹಿರಿಯರಿಗೆ ಅಗೌರವವಾಗಬಾರದೆಂದೇ ಹುಟ್ಟಿದ ಹೆಸರನ್ನು ಈಗ ಅಗೌರವ ಎನ್ನುತ್ತಿದ್ದೇವೆ.

ಹಾಗೆ ಕರೆಸಿಕೊಂಡವರು ದೊಡ್ಡವರಾದಾಗ ಸಮಾಜ ಆ ಹೆಸರನ್ನು ಕಿತ್ತುಹಾಕಲಿಲ್ಲ, ಅದಕ್ಕೆ ಅಪ್ಪ, ಅಣ್ಣ, ಅಯ್ಯ, ಅಮ್ಮ, ಸ್ವಾಮಿ, ಗೌಡ ಎಂದು ಜೋಡಿಸಿ ಎತ್ತರಿಸಿತು. ಪುಟ್ಟಣ್ಣ ಎಂಬ ಹೆಸರಿನ ಸೊಗಸನ್ನು ನಾವು ಗಮನಿಸುವುದೇ ಇಲ್ಲ: ಒಂದೇ ಹೆಸರಿನಲ್ಲಿ ಅವನು ಪುಟ್ಟವನೂ ಹೌದು, ಅಣ್ಣನೂ ಹೌದು. ಇದೇ ಜಿಲ್ಲೆಯ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ 1904ರ ಡಿಸೆಂಬರ್ 29ರಂದು ತಾಯಿಯ ತವರುಮನೆಯಲ್ಲಿ ಹುಟ್ಟಿದ ಮಗು ಮುಂದೆ ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪನಾಗಿ ವಿಶ್ವವಿದ್ಯಾನಿಲಯದ ಕುಲಪತಿಯಾಯಿತು, ಕನ್ನಡಕ್ಕೆ ಮೊದಲ ಜ್ಞಾನಪೀಠವನ್ನು ತಂದಿತು. ಕುವೆಂಪು ಎಂದು ನಾವು ಗೌರವದಿಂದ ಹೇಳುವಾಗಲೆಲ್ಲ ಕೊನೆಗೆ ಉಚ್ಚರಿಸುವ ‘ಪು’ ಈ ಪುಟ್ಟನದೇ. ಗದುಗಿನ ವೀರೇಶ್ವರ ಪುಣ್ಯಾಶ್ರಮದ ಪುಟ್ಟರಾಜ ಗವಾಯಿಗಳ ಹೆಸರಿನಲ್ಲಿ ಪುಟ್ಟನೂ ರಾಜನೂ ಒಟ್ಟಿಗೇ ಇದ್ದಾರೆ.

ಮನೆಯ ಹೆಸರು ಸಾರ್ವಜನಿಕ ಜಾಗಕ್ಕೆ ಬರಬಾರದು ಎನ್ನುವವರಿಗೆ ಪಕ್ಕದ ಹಾಸನ ಜಿಲ್ಲೆಯ ಶ್ರವಣಬೆಳಗೊಳವನ್ನು ನೆನಪಿಸಬೇಕು. ಸುಮಾರು 58 ಅಡಿಯ ಆ ಮೂರ್ತಿಯ ಕಾಲಬಳಿ ಅದನ್ನು ಮಾಡಿಸಿದವನು ಚಾಮುಂಡರಾಜನೆಂದು ಹತ್ತನೆಯ ಶತಮಾನದ ಗಂಗರ ಮಂತ್ರಿ ಚಾಮುಂಡರಾಯನ ದಾಖಲೆಯ ಹೆಸರನ್ನು ಕೊರೆಯಲಾಗಿದೆ. ಮೂರ್ತಿ ಬಾಹುಬಲಿಯದು. ಆದರೆ ಜನರ ಬಾಯಲ್ಲಿ ನಿಂತದ್ದು ಗೊಮ್ಮಟ. ಗೊಮ್ಮಟ ಎಂಬುದು ಮನ್ಮಥ ಶಬ್ದದಿಂದ ಬಂದದ್ದೆಂದು ವಾದಿಸಿದ ವಿದ್ವಾಂಸರಿದ್ದಾರೆ. ಅದು ಚಾಮುಂಡರಾಯನನ್ನು ಮನೆಯವರು ಕರೆಯುತ್ತಿದ್ದ ಮುದ್ದಿನ ಹೆಸರು, ಗೊಮ್ಮಟನ ಈಶ್ವರನೇ ಗೊಮ್ಮಟೇಶ್ವರ ಎಂಬುದು ಇನ್ನೊಬ್ಬ ವಿದ್ವಾಂಸರಾದ ಆ. ನೇ. ಉಪಾಧ್ಯೆಯವರ ವಾದ. ಚಾಮುಂಡರಾಯನ ಗುರುಗಳಾದ ನೇಮಿಚಂದ್ರರು ತಮ್ಮ ಪ್ರಾಕೃತ ಗ್ರಂಥಕ್ಕೆ ಗೊಮ್ಮಟಸಾರ ಎಂದು ಹೆಸರಿಟ್ಟಿರುವುದನ್ನು ನೋಡಿದರೆ ಎರಡನೆಯ ವಾದದ ಕಡೆಗೇ ನನ್ನ ಮನಸ್ಸು ವಾಲುತ್ತದೆ. ಅದು ನಿಜವಾದರೆ, ತಾಯಿಯೋ ಅಜ್ಜಿಯೋ ಕೂಗಿದ ಹೆಸರೊಂದು ದೇವರಿಗೇ ಹೆಸರಾಗಿ ಸಾವಿರ ವರ್ಷ ಬಾಳಿದೆ.

ಈಗ ನಾನು ಒಪ್ಪುವ ಮಾತಿಗೆ ಬರುತ್ತೇನೆ. ಪುಟ್ಟ ಎಂದು ಕರೆಯುವುದು ಅಗೌರವವಾಗುವ ಸಂದರ್ಭ ಇದೆ, ಅದನ್ನು ನಾನು ನನ್ನ ಕೈಯಾರೆ ಬರೆದಿದ್ದೇನೆ. ತೋಟಕ್ಕೆ ಸೇರಿದ ಮೊದಲ ವರ್ಷಗಳಲ್ಲಿ ಹಿಂದಿನ ರೈಟರ್ ಬಿಟ್ಟುಹೋದ ಚೆಕ್‌ರೋಲನ್ನು, ಎಂದರೆ ಆಳುಗಳ ಹಾಜರಿ ಪುಸ್ತಕವನ್ನು, ನೋಡಿಯೇ ನಾನೂ ಬರೆಯುತ್ತಿದ್ದೆ. ಅದರಲ್ಲಿ ಕೆಲವರು ಪುಟ್ಟೇಗೌಡ, ಕೆಲವರು ಪುಟ್ಟಯ್ಯ; ಕೂಲಿ ಲೈನಿನ, ಎಂದರೆ ಆಳುಗಳ ಸಾಲುಮನೆಗಳ, ಕೆಲವರು ಮಾತ್ರ ಬರೀ ಪುಟ್ಟ, ಬರೀ ಕರಿಯ. ವಯಸ್ಸಿನಲ್ಲಿ ಅವರೇ ಹಿರಿಯರಾಗಿರುತ್ತಿದ್ದರು. ಸಾಹುಕಾರರ ಐದು ವರ್ಷದ ಮೊಮ್ಮಗನನ್ನು ಆಳುಗಳೆಲ್ಲ ‘ಪುಟ್ಟಯ್ಯೋರೆ’ ಎನ್ನುತ್ತಿದ್ದರು. ಅದೇ ಮೊಮ್ಮಗ ಅರವತ್ತರ ಆಳನ್ನು ‘ಏ ಪುಟ್ಟ’ ಎನ್ನುತ್ತಿದ್ದ. ಒಂದೇ ಮಾತು, ಒಂದೇ ಅಂಗಳ. ಹೆಸರಿಗೆ ಅಯ್ಯ ಸೇರುವುದು ವಯಸ್ಸನ್ನಲ್ಲ, ಜಾತಿಯನ್ನು ನೋಡಿ ಎಂಬುದು ನನಗೆ ಹೊಳೆಯಲು ಆರೇಳು ವರ್ಷ ಹಿಡಿಯಿತು. ಹೊಳೆದ ಮೇಲೆ ಹೊಸ ಚೆಕ್‌ರೋಲ್ ಬರೆಯುವಾಗ ಎಲ್ಲರಿಗೂ ಅಯ್ಯ ಸೇರಿಸಿದೆ. ಮೇಸ್ತ್ರಿ ನಕ್ಕ, ಒಬ್ಬಿಬ್ಬರು ಮುಖ ಸಿಂಡರಿಸಿದರು, ಕೆಲಸ ನಡೆಯಿತು. ಆದ್ದರಿಂದ ಪತ್ರ ಬರೆದವರ ಆಕ್ಷೇಪ ಇರಬೇಕಾದದ್ದು ಪುಟ್ಟ ಎಂಬ ಮಾತಿನ ಮೇಲಲ್ಲ, ಸಲಿಗೆಯೇ ಇಲ್ಲದವರು ಸಲಿಗೆಯ ಮಾತನ್ನು ಅಧಿಕಾರದಿಂದ ಬಳಸುವುದರ ಮೇಲೆ. (ಈಗಿನ ಹುಡುಗ ಹುಡುಗಿಯರು ಫೋನಿನಲ್ಲಿ ಒಬ್ಬರಿಗೊಬ್ಬರು ಪುಟ್ಟ ಎಂದುಕೊಳ್ಳುವುದರ ಬಗ್ಗೆಯೂ ಅವರಿಗೆ ಸಿಟ್ಟಿದೆ. ಅದು ಆ ಇಬ್ಬರ ವಿಷಯ, ನನಗೆ ಅದರಲ್ಲಿ ಹೇಳುವುದೇನೂ ಇಲ್ಲ.)

ದಾಖಲೆಯ ಗೊಂದಲದ ಬಗ್ಗೆ ಅವರು ಹೇಳಿರುವುದು ಅರ್ಧ ನಿಜ. ನಮ್ಮ ತೋಟದಲ್ಲಿ ದುಡಿದು ನಿವೃತ್ತಳಾದ ಹೆಂಗಸೊಬ್ಬಳ ಹೆಸರು ಚೆಕ್‌ರೋಲಿನಲ್ಲಿ ಪುಟ್ಟಮ್ಮ, ಆಧಾರ್ ಕಾರ್ಡಿನಲ್ಲಿ ಪುಟ್ಟಲಕ್ಷ್ಮಮ್ಮ. ಭವಿಷ್ಯನಿಧಿಯ ಹಣಕ್ಕಾಗಿ ಅರ್ಜಿ ಹಾಕಿದಾಗ ಇಬ್ಬರೂ ಒಬ್ಬಳೇ ಎಂಬುದನ್ನು ಸಾಬೀತುಪಡಿಸಲು ಅಫಿಡವಿಟ್ಟು, ನೋಟರಿ, ತೋಟದ ಮಾಲೀಕರ ಪತ್ರ ಎಂದು ಹದಿನಾಲ್ಕು ತಿಂಗಳು ಅಲೆದೆವು. ಕಿಟಕಿಯ ಆಚೆಗಿದ್ದವರು ಒಮ್ಮೆ, ‘ಅವಳ ನಿಜವಾದ ಹೆಸರು ಯಾವುದು, ಅದನ್ನು ಹೇಳಿ’ ಎಂದು ಕೇಳಿದರು. ಅವಳು ‘ಎರಡೂ ನಂದೇ ಸ್ವಾಮಿ’ ಎಂದಳು. ಅದಕ್ಕಿಂತ ಸರಿಯಾದ ಉತ್ತರ ನನಗೂ ತೋಚಲಿಲ್ಲ. ಹಳೆಯ ಕ್ರಯಪತ್ರಗಳನ್ನು ತೆಗೆದು ನೋಡಿದರೆ ‘ಇಂಥವರ ಮಗ ಇಂಥವರು ಉರುಫ್ ಪುಟ್ಟಯ್ಯನವರು’ ಎಂದು ಎರಡನ್ನೂ ಬರೆದು ಮುಂದೆ ಹೋಗುತ್ತಿದ್ದರು. ಪತ್ರ ಬರಹಗಾರರಿಗೆ ಊರಿನ ರೀತಿ ಗೊತ್ತಿತ್ತು. ಆ ‘ಉರುಫ್’ಗೆ ಈಗಿನ ಅರ್ಜಿಗಳಲ್ಲಿ ಜಾಗವಿಲ್ಲದಿರುವುದು ಅರ್ಜಿ ರೂಪಿಸಿದವರ ಕೊರತೆಯೇ ಹೊರತು ಹೆಸರಿನ ದೋಷವಲ್ಲ. ಆಧಾರ್ ಯೋಜನೆಯನ್ನು ಪ್ರಶ್ನಿಸಿ 2012ರಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದ ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಗಳ ಹೆಸರು ಕೆ. ಎಸ್. ಪುಟ್ಟಸ್ವಾಮಿ ಎಂಬುದನ್ನು ನಾನು ಆ ದಿನಗಳಲ್ಲಿ ಹಲವು ಸಲ ನೆನೆದುಕೊಂಡಿದ್ದೇನೆ. ಅದೇ ಪ್ರಕರಣದಲ್ಲಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕೆಂದು ಸಾರಿತಷ್ಟೆ. ಅಂದಿನಿಂದ ದೇಶದ ವಕೀಲರೆಲ್ಲರೂ, ಕನ್ನಡ ಬಾರದವರು ಸಹ, ಆ ತೀರ್ಪನ್ನು ಪುಟ್ಟಸ್ವಾಮಿ ಎಂದೇ ಕರೆಯುತ್ತಾರೆ.

ಕೊನೆಯದಾಗಿ, ಈ ಪತ್ರ ಬರೆಯಲು ನಿಜವಾದ ಕಾರಣವಾದ ಸಂಗತಿ. ಪುಟ್ಟರು ಹಲವರಿದ್ದಾಗ ತೋಟದಲ್ಲಿ ಉದ್ದ ಪುಟ್ಟ, ಮೆಣಸಿನ ಪುಟ್ಟ, ಪಲ್ಪರ್ ಪುಟ್ಟ ಎಂದು ಗುರುತಿಟ್ಟುಕೊಳ್ಳುತ್ತಿದ್ದೆವು. ಪಲ್ಪರ್ ಪುಟ್ಟ ಕೊಯ್ಲಿನ ಕಾಲದಲ್ಲಿ ರಾತ್ರಿ ಎರಡರವರೆಗೆ ಪಲ್ಪರ್, ಎಂದರೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ, ಯಂತ್ರದ ಬಳಿ ನಿಂತಿರುತ್ತಿದ್ದ. ಅವನೂ ನಾನೂ ಅಲ್ಲಿ ಕುಡಿದ ಬೆಲ್ಲದ ಕಾಫಿಗೆ ಲೆಕ್ಕವಿಲ್ಲ. ಮೂರು ತಿಂಗಳ ಹಿಂದೆ ಅವನು ತೀರಿಕೊಂಡಾಗ ತಮ್ಮ ಪತ್ರಿಕೆಯಲ್ಲಿ ನಾಲ್ಕು ಸಾಲಿನ ನಿಧನ ವಾರ್ತೆ ಬಂದಿತ್ತು. ಆಧಾರ್ ಕಾರ್ಡಿನಲ್ಲಿದ್ದ ಹೆಸರು, ವಯಸ್ಸು, ಇಬ್ಬರು ಗಂಡುಮಕ್ಕಳನ್ನು ಅಗಲಿದ್ದಾರೆ ಎಂಬ ಸಾಲು, ಎಲ್ಲವೂ ಸರಿಯಾಗಿತ್ತು. ನಾನು ಅದನ್ನು ಓದಿದೆ, ಯಾರೋ ಪಾಪ ಎಂದುಕೊಂಡು ಪುಟ ತಿರುಗಿಸಿದೆ. ವಾರದ ಮೇಲೆ ಸಂತೆಯಲ್ಲಿ ಮೆಣಸಿನ ಪುಟ್ಟ ಸಿಕ್ಕಿ ಹೇಳಿದಾಗಲೇ ನನಗೆ ತಿಳಿದದ್ದು. ತಿಥಿಯ ದಿನ ಹೋದೆ. ಅವನ ಹೆಂಡತಿ, ‘ಮಣ್ಣಿಗೂ ಬರ್ಲಿಲ್ವಲ್ಲ ರೈಟ್ರೇ’ ಎಂದಳು. ಪೇಪರಿನಲ್ಲಿ ಓದಿದ್ದೆ, ಆದರೆ ಅದು ಇವನೆಂದು ಗೊತ್ತಾಗಲಿಲ್ಲ ಎಂದು ಅವಳಿಗೆ ಹೇಗೆ ಹೇಳಲಿ?

ಆದ್ದರಿಂದ ತಮ್ಮಲ್ಲಿ ನನ್ನ ಕೋರಿಕೆ ಇಷ್ಟೇ. ಕಳೆದ ವಾರದ ಪತ್ರದ ಸಲಹೆಯನ್ನು ದಯವಿಟ್ಟು ಒಪ್ಪಬೇಡಿ. ಹಳ್ಳಿಗಳಿಂದ ಬರುವ ನಿಧನ ವಾರ್ತೆಗಳಲ್ಲಿ ದಾಖಲೆಯ ಹೆಸರಿನ ಜೊತೆಗೆ ಊರು ಕರೆಯುತ್ತಿದ್ದ ಹೆಸರನ್ನೂ ಕೇಳಿ ಬರೆದುಕೊಳ್ಳುವಂತೆ ತಮ್ಮ ತಾಲ್ಲೂಕು ವರದಿಗಾರರಿಗೆ ತಿಳಿಸಿ. ಹೆಚ್ಚೆಂದರೆ ಅರ್ಧ ಸಾಲಿನ ಜಾಗ ಬೇಕಾದೀತು. ಆ ಹೆಸರಿಗೆ ಉದ್ಧರಣ ಚಿಹ್ನೆ ಹಾಕುವುದು ಬೇಡ. ಹಾಕಿದರೆ ಅದು ಸುಳ್ಳು ಹೆಸರೇನೋ ಎಂಬಂತೆ ಕಾಣುತ್ತದೆ. ಹಳೆಯ ಪತ್ರಗಳಲ್ಲಿದ್ದಂತೆ ಉರುಫ್ ಎಂದು ಬರೆದರೆ ಸಾಕು.

ತಮ್ಮ ವಿಶ್ವಾಸಿ,
ಕಾಫಿ ತೋಟದ ಒಬ್ಬ ನಿವೃತ್ತ ರೈಟರ್
ಮೂಡಿಗೆರೆ ತಾಲ್ಲೂಕು, ಚಿಕ್ಕಮಗಳೂರು ಜಿಲ್ಲೆ