ಬಾಲದ ಕಚ್ಚು ಉಳಿಯಿತು, ಹೆಸರು ಉಳಿಯಲಿಲ್ಲ

ಸಂಪಾದಕರಿಗೆ ನಮಸ್ಕಾರ.

ಕಳೆದ ದೀಪಾವಳಿ ಹೊತ್ತಿಗೆ ನಮ್ಮ ಶಿವಮೊಗ್ಗದಲ್ಲಿ ಒಂದು ಮಾರಾಟ ಮೇಳ ನಡೆದಿತ್ತು. ತಂಗಿಯ ಮಗನಿಗೆ ಟೀ ಶರ್ಟ್ ಹುಡುಕುತ್ತಿದ್ದೆ. ಒಂದು ಮಳಿಗೆಯಲ್ಲಿ ನೇತು ಹಾಕಿದ್ದ ಕಪ್ಪು ಟೀ ಶರ್ಟಿನ ಮೇಲೆ ನನ್ನ ಮೀನು ಕಾಣಿಸಿತು. ನನ್ನದೇ ಅಂತ ಹೇಗೆ ಗೊತ್ತಾಯಿತು ಅಂದರೆ, ಅದರ ಬಾಲದ ಕೆಳತುದಿಯಲ್ಲಿ ಒಂದು ಸಣ್ಣ ಕಚ್ಚು ಇತ್ತು. 2019ರಲ್ಲಿ ನಮ್ಮ ಮನೆಯ ಮೀನಿನ ತೊಟ್ಟಿಯಲ್ಲಿ ಫಿಲ್ಟರಿನ ಪೈಪಿಗೆ ಸಿಕ್ಕಿ ಆದ ಗಾಯ ಅದು. ಗಾಯ ಮಾಯಿತು, ಬಾಲ ಮಾತ್ರ ಮೊದಲಿನಂತೆ ಬೆಳೆಯಲಿಲ್ಲ. ಚಿತ್ರ ಬರೆಯುವಾಗ ಆ ಕಚ್ಚನ್ನೂ ಇದ್ದ ಹಾಗೇ ಬರೆದಿದ್ದೆ. ಟೀ ಶರ್ಟಿನಲ್ಲಿ ಕಚ್ಚು ಉಳಿದಿತ್ತು. ಕೆಳಗೆ ನಾನು ಬರೆದಿದ್ದ ಮೀನಿನ ಹೆಸರು ಇರಲಿಲ್ಲ, ನನ್ನ ಹೆಸರೂ ಇರಲಿಲ್ಲ. ಆ ಜಾಗದಲ್ಲಿ 'ಟೈಗರ್ ಫಿಶ್' ಎಂದು ಅಚ್ಚು ಹಾಕಿದ್ದರು.

ಮಳಿಗೆಯವರನ್ನು ಕೇಳಿದೆ. "ನೆಟ್ಟಲ್ಲಿ ಸಿಕ್ತು ಮೇಡಂ, ಅದಕ್ಕೆಲ್ಲ ಯಾರನ್ನು ಕೇಳೋದು?" ಅಂದರು. ಅವರು ಕೆಟ್ಟವರಲ್ಲ. ಕೇಳಬೇಕು ಅನ್ನುವುದೇ ಅವರಿಗೆ ಗೊತ್ತಿರಲಿಲ್ಲ. ನಮ್ಮ ದೇಶದಲ್ಲಿ 1957ರ ಕೃತಿಸ್ವಾಮ್ಯ ಕಾಯ್ದೆ ಇದೆ. ಚಿತ್ರ ಬರೆದ ಕ್ಷಣದಿಂದ ಅದರ ಹಕ್ಕು ಬರೆದವರದ್ದು, ಎಲ್ಲೂ ನೋಂದಣಿ ಮಾಡಿಸಿರಬೇಕು ಅಂತಿಲ್ಲ. ಅಷ್ಟು ಹೇಳಿ ಬಂದೆ. ಆದರೆ ರಾತ್ರಿ ನಿದ್ದೆ ಬರಲಿಲ್ಲ. ನನ್ನ ಹೆಸರು ಹೋಗಿದ್ದಕ್ಕಿಂತ ಮೀನಿನ ಹೆಸರು ಹೋಗಿದ್ದು ಜಾಸ್ತಿ ನೋವಾಗಿತ್ತು.

ಯಾಕೆಂದರೆ ಅದು ನಮ್ಮ ತುಂಗೆಯ ಮೀನು. ಅಕ್ವೇರಿಯಂ ಅಂಗಡಿಗಳಲ್ಲಿ ಅದಕ್ಕೆ ಝೀಬ್ರಾ ಲೋಚ್ ಅನ್ನುತ್ತಾರೆ. ಬೆರಳುದ್ದದ ಮೀನು. ಮೈತುಂಬ ತೆಳುವಾದ ಹಳದಿ ಗೆರೆಗಳು. ಒಂದರ ಗೆರೆ ಇನ್ನೊಂದರ ಹಾಗಿರುವುದಿಲ್ಲ. 1920ರಲ್ಲಿ ಅದನ್ನು ವಿಜ್ಞಾನಕ್ಕೆ ಪರಿಚಯಿಸಿದವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಪ್ರಾಣಿಶಾಸ್ತ್ರದ ಮೇಷ್ಟ್ರು ಸಿ.ಆರ್. ನಾರಾಯಣ ರಾವ್. ಬೋಟಿಯಾ ಸ್ಟ್ರಯಾಟಾ ಎಂಬ ಹೆಸರು ಅವರು ಕೊಟ್ಟಿದ್ದು. ಇವತ್ತು ಬೇರೆ ಬೇರೆ ದೇಶಗಳಲ್ಲಿ ಜನ ಇದನ್ನು ಗಾಜಿನ ತೊಟ್ಟಿಯಲ್ಲಿ ಸಾಕುತ್ತಾರೆ. ನಮ್ಮೂರಿನ ಸೇತುವೆ ಮೇಲೆ ದಿನಾ ಓಡಾಡುವವರಲ್ಲಿ ಎಷ್ಟು ಜನ ಇದನ್ನು ನೋಡಿದ್ದಾರೆ? ಅಳಿವಿನ ಅಂಚಿನಲ್ಲಿರುವ ಮೀನುಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲೂ ಇದು ಸೇರಿದೆ. ನಾನು ಕೊಂಡಾಗ ಆ ವಿಷಯ ತಿಳಿದಿರಲಿಲ್ಲ. ತಿಳಿದ ಮೇಲೆ ಹೊಸದಾಗಿ ಒಂದನ್ನೂ ತಂದಿಲ್ಲ. ಇರುವ ಐದನ್ನೇ ನೋಡಿಕೊಂಡು, ಅವನ್ನೇ ಬರೆಯುತ್ತಿದ್ದೇನೆ.

ನಾನು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುವವಳು. ಚಿತ್ರಕಲೆ ಕಲಿತವಳಲ್ಲ. 14 ವರ್ಷದಿಂದ ಮೀನು ಸಾಕುತ್ತಾ ಸಾಕುತ್ತಾ ಕೈಗೆ ಬಂದದ್ದು ಇದು. ತೊಟ್ಟಿಯ ಮುಂದೆ ಸುಮ್ನೆ ಕೂತರೆ ಎಷ್ಟೆಲ್ಲ ಕಾಣುತ್ತದೆ! ಈ ಲೋಚ್ ಕೆಲವು ಸಲ ಸತ್ತ ಹಾಗೆ ಮಗ್ಗುಲಾಗಿ ಮಲಗುತ್ತದೆ. ಮೊದಲ ಸಲ ನೋಡಿ ಗಾಬರಿಯಾಗಿ ಬಲೆ ತಂದಿದ್ದೆ. ಬಲೆಯಲ್ಲಿ ಎತ್ತಿದರೆ ಕಣ್ಣಿನ ಕೆಳಗೆ ಅಡಗಿಸಿಕೊಂಡಿದ್ದ ಮುಳ್ಳನ್ನು ಹೊರಗೆ ತೆಗೆಯಿತು. ಮುಳ್ಳು ಬಲೆಗೆ ಸಿಕ್ಕಿಕೊಂಡಿತು. ಕತ್ತರಿಯಿಂದ ಬಲೆಯನ್ನೇ ಕತ್ತರಿಸಿ ಬಿಡಿಸಿದೆ. ಊಟದ ಹೊತ್ತಿಗೆ ಖುಷಿಯಾದರೆ ಟಕ್ ಟಕ್ ಅಂತ ಸದ್ದು ಮಾಡುತ್ತದೆ, ಗಾಜಿನ ಹೊರಗೂ ಕೇಳಿಸುತ್ತದೆ. ಗಿಡದ ಜೊತೆ ಬಂದ ಪುಟ್ಟ ಬಸವನಹುಳುಗಳನ್ನು ಚಿಪ್ಪಿನಿಂದ ಎಳೆದು ತಿನ್ನುತ್ತದೆ. ಇದನ್ನೆಲ್ಲ ದಿನಾ ನೋಡುವವರ ಚಿತ್ರಕ್ಕೂ ಫೋಟೋ ನೋಡಿ ಬರೆದ ಚಿತ್ರಕ್ಕೂ ವ್ಯತ್ಯಾಸ ಇದ್ದೇ ಇರುತ್ತದೆ. ಸತ್ತ ಮೀನಿನಲ್ಲಿ ಆ ಬಣ್ಣ ಉಳಿಯುವುದೂ ಇಲ್ಲ.

ನನ್ನಂಥವರು ಬೇಕಾದಷ್ಟು ಜನ ಇದ್ದಾರೆ. ಭದ್ರಾವತಿಯ ಒಬ್ಬ ಕಾಲೇಜು ಹುಡುಗಿ ಜೇಡಿಮಣ್ಣಿನಲ್ಲಿ ಗಪ್ಪಿ ಮೀನುಗಳನ್ನು ಮಾಡಿ ಫ್ರಿಜ್ಜಿಗೆ ಅಂಟಿಸುವ ಮ್ಯಾಗ್ನೆಟ್ ಮಾಡುತ್ತಾಳೆ. ಬಾಲದ ಒಂದೊಂದು ಗೆರೆಯನ್ನೂ ಸೂಜಿಯಲ್ಲಿ ಕೊರೆಯುತ್ತಾಳೆ. ನಿವೃತ್ತರಾದ ಒಬ್ಬ ಟೀಚರು ಕ್ರೋಶಾ ಕಡ್ಡಿಯಲ್ಲಿ ಬೆಟ್ಟಾ ಮೀನು ಹೆಣೆಯುತ್ತಾರೆ, ಒಂದಕ್ಕೆ ನಾಲ್ಕು ದಿನ ಹಿಡಿಯುತ್ತದೆ. ನಾನು ಸ್ಟಿಕ್ಕರ್ ಹಾಳೆ ಮಾಡಿ 60 ರೂಪಾಯಿಗೆ ಕೊಡುತ್ತೇನೆ. ಬಂದ ಹಣ ಮೀನಿನ ಊಟಕ್ಕೆ, ಫಿಲ್ಟರಿನ ಸ್ಪಂಜಿಗೆ ಸರಿಹೋಗುತ್ತದೆ. ಯಾವ ಮೀನಿನ ಪ್ರಾಣವೂ ಹೋಗದ ವ್ಯಾಪಾರ ಇದು. ಒಣಗಿಸಿದ ಕಡಲಕುದುರೆಯನ್ನು ಅಲಂಕಾರಕ್ಕೆ ಅಂತ ಮನೆಗೆ ತಂದಿಟ್ಟುಕೊಳ್ಳುವವರು ಈಗಲೂ ಇದ್ದಾರೆ. 2001ರಿಂದ ಕಡಲಕುದುರೆಗೆ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ ಅನ್ನುವುದು ಅವರಿಗೆ ಗೊತ್ತಿಲ್ಲವೋ ಏನೋ.

ಆದರೆ ನಮ್ಮವರ ಬಗ್ಗೆಯೇ ಒಂದು ಮಾತು ಹೇಳಬೇಕು. ನಾವು ಬರೆಯುವುದೆಲ್ಲ ಕೊಯಿ, ಗೋಲ್ಡ್ ಫಿಶ್, ಡಿಸ್ಕಸ್, ಕ್ಲೌನ್ ಫಿಶ್. ಚೆಂದದ ಮೀನುಗಳೇ, ಬೇಡ ಅನ್ನುವುದಿಲ್ಲ. ನಾನೂ ಬರೆದಿದ್ದೇನೆ. ಹಾಗಂತ ಘಟ್ಟದ ಹೊಳೆಯ ಮೀನುಗಳ ಬಣ್ಣ ಕಡಿಮೆಯೇ? ಮೆಲನ್ ಬಾರ್ಬ್ ಅಂತ ಒಂದಿದೆ. ಗಂಡಿಗೆ ಪ್ರಾಯ ಬಂದಾಗ ಮೈ ದಾಳಿಂಬೆ ಕಾಳಿನ ಬಣ್ಣಕ್ಕೆ ತಿರುಗುತ್ತದೆ, ಅದರ ಮೇಲೆ ಕಪ್ಪು ಪಟ್ಟಿ. ನನ್ನ ತೊಟ್ಟಿಯಲ್ಲಿ ಅವೂ ಇವೆ.

ಆ ಮೀನಿನ ವೈಜ್ಞಾನಿಕ ಹೆಸರಿನ ಹಿಂದೆ ಒಂದು ಕತೆ ಇದೆ. ಅದನ್ನು ಓದಿದ ದಿನದಿಂದ ಮನಸ್ಸಿನಲ್ಲೇ ಕೂತಿದೆ. ಫ್ರಾನ್ಸಿಸ್ ಬುಕಾನನ್ ಹೆಸರು ನಮ್ಮಲ್ಲಿ ಇತಿಹಾಸ ಓದಿದವರಿಗೆ ಗೊತ್ತು. ಟಿಪ್ಪು ತೀರಿಕೊಂಡ ಮರುವರ್ಷ, 1800ರಲ್ಲಿ, ಮೈಸೂರು ಸೀಮೆ ಸುತ್ತಲು ಹೊರಟ ಈಸ್ಟ್ ಇಂಡಿಯಾ ಕಂಪನಿಯ ವೈದ್ಯರು. ಆಮೇಲೆ ಅವರು ಹ್ಯಾಮಿಲ್ಟನ್ ಎಂದು ಹೆಸರು ಬದಲಿಸಿಕೊಂಡು, 1822ರಲ್ಲಿ ಗಂಗೆಯ ಮೀನುಗಳ ಬಗ್ಗೆ ಒಂದು ಪುಸ್ತಕ ತಂದರು. ಅದಕ್ಕೆ ಮೀನಿನ ಚಿತ್ರ ಬರೆದುಕೊಟ್ಟವನು ಹಲುದಾರ್ ಎಂಬ ಬಂಗಾಳಿ. ಪುಸ್ತಕ ಬರೆದವರ ಹೆಸರು ಎಷ್ಟೋ ಮೀನುಗಳ ಹೆಸರಿನ ಮುಂದೆ ಇವತ್ತಿಗೂ ಇದೆ. ಹಲುದಾರನ ಹೆಸರನ್ನು ನೆನೆದವರು ಎಷ್ಟು ಜನ? ಕೊನೆಗೆ 2013ರಲ್ಲಿ ಶ್ರೀಲಂಕಾದ ಮತ್ಸ್ಯ ವಿಜ್ಞಾನಿ ರೋಹನ್ ಪೆತಿಯಾಗೊಡ, ಮೆಲನ್ ಬಾರ್ಬ್ ಸೇರಿದ ಗುಂಪಿಗೆ ಹಲುದಾರಿಯಾ ಎಂದು ಹೆಸರಿಟ್ಟರು. ಪುಸ್ತಕ ಬಂದು 191 ವರ್ಷ ಆಗಿತ್ತು. ಬಂಗಾಳದ ಒಬ್ಬ ಚಿತ್ರಗಾರನ ಹೆಸರು ಹೊತ್ತು ನಮ್ಮ ಘಟ್ಟದ ಹೊಳೆಗಳಲ್ಲಿ ಮೀನು ಈಜುತ್ತಿದೆ. ತೊಟ್ಟಿಗೆ ಊಟ ಹಾಕುವಾಗ ಈಗ ನಾನು ಅವನ್ನು ಹಲುದಾರಾ ಅಂತಲೇ ಕರೆಯುತ್ತೇನೆ.

ಅದಕ್ಕೇ ಈ ಪತ್ರ. ಬಟ್ಟೆಯ ಮೇಲೆ, ಲೋಟದ ಮೇಲೆ ಮೀನಿನ ಚಿತ್ರ ಅಚ್ಚು ಹಾಕುವವರು ಬರೆದವರನ್ನು ಒಂದು ಮಾತು ಕೇಳಲಿ. ಕೇಳಿದರೆ ನಮ್ಮಲ್ಲಿ ಎಷ್ಟೋ ಜನ ಖುಷಿಯಿಂದ ಒಪ್ಪುತ್ತಾರೆ, ದುಡ್ಡು ಕೂಡ ಜಾಸ್ತಿ ಕೇಳುವುದಿಲ್ಲ. ಮೀನುಗಾರಿಕೆ ಇಲಾಖೆಯವರು ಮೇಳ ಮಾಡುವಾಗ ಅಕ್ವೇರಿಯಂ ಮಳಿಗೆಗಳ ಪಕ್ಕ ನಮಗೂ ಒಂದು ಮೇಜು ಕೊಡಲಿ. ಮಕ್ಕಳು ತೊಟ್ಟಿಯ ಮುಂದೆ ನಿಂತು 'ವಾವ್' ಅಂದು ಮುಂದೆ ಹೋಗುತ್ತಾರೆ, ಅಲ್ವಾ? ಕೈಯಲ್ಲಿ ಒಂದು ಸ್ಟಿಕ್ಕರ್ ಇದ್ದರೆ ಮನೆಗೆ ಹೋದ ಮೇಲೂ ಆ ಹೆಸರು ಓದುತ್ತಾರೆ. ನಮ್ಮ ಬಡಾವಣೆಯ ಆರು ವರ್ಷದ ಹುಡುಗಿಯೊಬ್ಬಳು ನಾನು ಕೊಟ್ಟ ಲೋಚ್ ಸ್ಟಿಕ್ಕರನ್ನು ನೀರಿನ ಬಾಟಲಿಗೆ ಅಂಟಿಸಿಕೊಂಡಿದ್ದಾಳೆ. ಹೊಳೆಗೆ ಕರೆದುಕೊಂಡು ಹೋದಾಗಲೆಲ್ಲ ಬಗ್ಗಿ ಹುಡುಕುತ್ತಾಳಂತೆ.

ಝೀಬ್ರಾ ಲೋಚ್, ಮೆಲನ್ ಬಾರ್ಬ್ ಸೇರಿ ಆರು ಮೀನುಗಳ ಚಿತ್ರ ನನ್ನ ಹತ್ತಿರ ತಯಾರಿವೆ. ಯಾವುದೇ ಸರ್ಕಾರಿ ಶಾಲೆ ಗೋಡೆಗೆ ಬರೆಸಲಿ, ಕ್ಯಾಲೆಂಡರಿಗೆ ಹಾಕಲಿ, ಕಾಸಿಲ್ಲದೆ ಕೊಡುತ್ತೇನೆ. ಚಿತ್ರದ ಕೆಳಗೆ ಮೀನಿನ ಹೆಸರು, ಬರೆದವರ ಹೆಸರು, ಎರಡೂ ಇರಬೇಕು. ಬಾಲದ ಕಚ್ಚನ್ನೂ ತಿದ್ದಬಾರದು.